ಸಮೋಷ್ಣ ಮಂಡಲ ಮತ್ತು ಸಾಗರ ಪರಿಚಲನೆ

ಭೂಮಿಯ ಮೇಲ್ಮೈಯಿಂದ ಸುಮಾರು 10 ಕಿ.ಮೀ. ಎತ್ತರದಲ್ಲಿ ಶುರುವಾಗಿ 50 ಕಿ.ಮೀ.ವರೆಗೆ ಹಬ್ಬಿರುವ ವಾಯುಪದರವೇ ಸಮೋಷ್ಣ ಮಂಡಲ. ಇದನ್ನು ಸ್ಟ್ರ್ಯಾಟೊಸ್ಫಿಯರ್ ಎಂದೂ ಕರೆಯುತ್ತಾರೆ. ಮೋಡ, ಮಳೆ, ಬಿರುಗಾಳಿಗಳೆಲ್ಲ ಹೆಚ್ಚುಕಡಿಮೆ ಇದರ ಕೆಳಗಿರುವ ಪರಿವರ್ತನ ಮಂಡಲದಲ್ಲೇ ನಡೆಯುತ್ತವೆ. ಹಾಗಾಗಿ ಮೇಲಿನ ಪದರವು ಕೆಳಗಿನದರ ಪ್ರಭಾವಕ್ಕೆ ಒಳಗಾಗುತ್ತದೆಯೇ ಹೊರತು ತಾನಾಗಿ ಕೆಳಗಿನ ಹವೆಯನ್ನು ಬದಲಿಸಲಾರದು ಎಂಬ ಎಣಿಕೆ 20ನೇ ಶತಮಾನದ ಬಹುಭಾಗ ಉಳಿದುಬಂದಿತ್ತು. ಆ ಎಣಿಕೆ ಈಗ ಬಿದ್ದುಹೋಗಿದೆ. ಧ್ರುವಗಳ ಮೇಲೆ 30 ಕಿ.ಮೀ. ಎತ್ತರದಲ್ಲಿ ಗಾಳಿ ದಿಕ್ಕು ಬದಲಿಸಿದರೆ ಕೆಲವು ವಾರಗಳಲ್ಲಿ ಕಡಲ ಮೇಲಿನ ಗಾಳಿಯೂ ಬದಲಾಗುತ್ತದೆ. ಅದು ವರ್ಷವರ್ಷವೂ ಮರುಕಳಿಸಿದರೆ ಕಡಲಾಳದ ಪ್ರವಾಹಗಳೂ ಏರುಪೇರಾಗುತ್ತವೆ. ಈ ಸರಪಳಿಯಲ್ಲಿ ಪೆಟ್ಟಿನ ಬಲಕ್ಕಿಂತ ಅದು ಎಷ್ಟು ಕಾಲ ಮುಂದುವರಿಯುತ್ತದೆ ಎಂಬುದೇ ಮುಖ್ಯ. ಗಾಳಿಯ ನೆನಪು ವಾರಗಳದ್ದು, ಕಡಲಿನದು ದಶಕಗಳದ್ದು. ಮೇಲಿನ ಪದರ ಕೊಟ್ಟ ಸಣ್ಣಸಣ್ಣ ಪೆಟ್ಟುಗಳನ್ನು ಕಡಲು ಕೂಡಿಸಿಟ್ಟುಕೊಂಡು ವಾಯುಗುಣವಾಗಿ ಹಿಂದಿರುಗಿಸುತ್ತದೆ.

ಸ್ವರೂಪ

ಪರಿವರ್ತನ ಮಂಡಲದ ಮೇಲಿನ ಅಂಚು ಧ್ರುವಗಳ ಬಳಿ ಸುಮಾರು 8 ಕಿ.ಮೀ. ಎತ್ತರದಲ್ಲಿದ್ದರೆ, ಸಮಭಾಜಕದ ಬಳಿ 16ರಿಂದ 18 ಕಿ.ಮೀ. ಎತ್ತರದಲ್ಲಿರುತ್ತದೆ. ಅಲ್ಲಿಯವರೆಗೆ ಮೇಲೇರಿದಂತೆಲ್ಲ ಗಾಳಿ ತಣ್ಣಗಾಗುತ್ತದೆ. ಅಂಚನ್ನು ದಾಟಿದ ಮೇಲೆ ತಾಪ ಮೊದಲು ಹೆಚ್ಚುಕಡಿಮೆ ಒಂದೇ ಸಮನಾಗಿದ್ದು, ಆಮೇಲೆ ಏರತೊಡಗುತ್ತದೆ. 15ರಿಂದ 35 ಕಿ.ಮೀ. ನಡುವೆ ದಟ್ಟವಾಗಿರುವ ಓಝೋನ್ ಸೂರ್ಯನ ಅತಿನೇರಳೆ ಕಿರಣಗಳನ್ನು ಹೀರಿಕೊಂಡು ಸುತ್ತಲಿನ ಗಾಳಿಯನ್ನು ಬಿಸಿಮಾಡುವುದೇ ಇದಕ್ಕೆ ಕಾರಣ. ಕೆಳಗೆ ತಂಪು, ಮೇಲೆ ಬಿಸಿ ಇರುವುದರಿಂದ ಇಲ್ಲಿ ಗಾಳಿ ಮೇಲೆಕೆಳಗೆ ಕದಡುವುದು ಬಹಳ ಕಡಿಮೆ. ಒಳಗೆ ಸೇರಿದ ಧೂಳು ಅಥವಾ ಅನಿಲ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ.

ವಾಯುಮಂಡಲದ ಒಟ್ಟು ತೂಕದಲ್ಲಿ ಈ ಪದರದ ಪಾಲು ಐದನೇ ಒಂದಕ್ಕಿಂತ ಹೆಚ್ಚಿಲ್ಲ. ಆದರೂ ಇದಕ್ಕೆ ತನ್ನದೇ ಆದ ಮಹಾಪರಿಚಲನೆಯಿದೆ. ಉಷ್ಣವಲಯದಲ್ಲಿ ಮೇಲೇರಿದ ಗಾಳಿ ನಿಧಾನವಾಗಿ ಧ್ರುವಗಳತ್ತ ಸಾಗಿ ಅಲ್ಲಿ ಕೆಳಗಿಳಿಯುತ್ತದೆ. ಓಝೋನ್ ಮತ್ತು ನೀರಾವಿಯ ಹಂಚಿಕೆಯಿಂದ ಇದನ್ನು ಊಹಿಸಿದ ಇಬ್ಬರು ಬ್ರಿಟಿಷ್ ವಿಜ್ಞಾನಿಗಳ ನೆನಪಿಗೆ ಇದನ್ನು ಬ್ರೂವರ್–ಡಾಬ್ಸನ್ ಪರಿಚಲನೆ ಎನ್ನುತ್ತಾರೆ. ಓಝೋನ್ ಹೆಚ್ಚಾಗಿ ತಯಾರಾಗುವುದು ಬಿಸಿಲು ಬಿರುಸಾಗಿರುವ ಉಷ್ಣವಲಯದಲ್ಲಿ. ಆದರೂ ಅದು ಉನ್ನತ ಅಕ್ಷಾಂಶಗಳಲ್ಲೇ ಹೆಚ್ಚು ಶೇಖರವಾಗುವುದು ಈ ಪರಿಚಲನೆಯಿಂದ.

ಶೋಧದ ಹಾದಿ

ಫ್ರಾನ್ಸಿನ ಲಿಯೋನ್ ಟೆಸ್ಸೆರಾಂಕ್ ದ ಬೋರ್ ಪ್ಯಾರಿಸ್ ಸಮೀಪದ ಟ್ರಾಪ್‌ನಿಂದ ಉಪಕರಣ ಹೊತ್ತ ನೂರಾರು ಬಲೂನುಗಳನ್ನು ಹಾರಿಸಿ, ಒಂದು ಎತ್ತರದ ನಂತರ ತಾಪ ಇಳಿಯುವುದು ನಿಲ್ಲುತ್ತದೆ ಎಂದು 1902ರಲ್ಲಿ ಸಾರಿದರು. ಅದೇ ವರ್ಷ ಜರ್ಮನಿಯ ರಿಚರ್ಡ್ ಆಸ್ಮಾನ್ ಕೂಡ ಇದೇ ತೀರ್ಮಾನಕ್ಕೆ ಬಂದರು. 1952ರ ಚಳಿಗಾಲದಲ್ಲಿ ಬರ್ಲಿನ್ನಿನ ರಿಚರ್ಡ್ ಶೆರ್‌ಹಾಗ್ ತಮ್ಮ ಬಲೂನುಗಳು ಕಳಿಸಿದ ಅಂಕಿಗಳಲ್ಲಿ ಮತ್ತೊಂದು ವಿಚಿತ್ರ ಕಂಡರು. ನಡುಚಳಿಗಾಲದಲ್ಲಿ ಕೆಲವೇ ದಿನಗಳಲ್ಲಿ ತಾಪ ಹತ್ತಾರು ಡಿಗ್ರಿ ಜಿಗಿದಿತ್ತು. ಈ ವಿದ್ಯಮಾನಕ್ಕೆ ಈಗ ಸಮೋಷ್ಣ ಮಂಡಲದ ಹಠಾತ್ ಬಿಸಿಯೇರಿಕೆ ಎಂದು ಹೆಸರು.

ಇದರ ಕಾರಣ ಬಿಡಿಸಲು ಎರಡು ದಶಕ ಬೇಕಾಯಿತು. ಪರ್ವತಸಾಲುಗಳೂ ನೆಲ–ಕಡಲುಗಳ ತಾಪವ್ಯತ್ಯಾಸವೂ ಗಾಳಿಯಲ್ಲಿ ಸಾವಿರಾರು ಕಿಲೊಮೀಟರ್ ಉದ್ದದ ಅಲೆಗಳನ್ನು ಎಬ್ಬಿಸುತ್ತವೆ. ಚಳಿಗಾಲದಲ್ಲಿ ಮೇಲೆ ಪಶ್ಚಿಮದ ಗಾಳಿ ಬೀಸುವಾಗ ಇವುಗಳಲ್ಲಿ ಅತಿ ಉದ್ದದವು ಮಾತ್ರ ಸಮೋಷ್ಣ ಮಂಡಲಕ್ಕೆ ಏರಬಲ್ಲವು ಎಂದು ಜೂಲ್ ಚಾರ್ನಿ ಮತ್ತು ಫಿಲಿಪ್ ಡ್ರಾಜಿನ್ 1961ರಲ್ಲಿ ಗಣಿತದಿಂದ ತೋರಿಸಿದರು. ಹಾಗೆ ಏರಿದ ಅಲೆಗಳು ಅಲ್ಲಿ ಮುರಿದು ಗಾಳಿಗೆ ತಡೆಯೊಡ್ಡುತ್ತವೆ, ಅದರಿಂದ ಧ್ರುವದ ಮೇಲೆ ಗಾಳಿ ಕುಸಿದಿಳಿದು ಬಿಸಿಯಾಗುತ್ತದೆ ಎಂದು ಜಪಾನಿನ ತಾರೊ ಮಾತ್ಸುನೊ 1971ರಲ್ಲಿ ವಿವರಿಸಿದರು. ಇಷ್ಟಾದರೂ ಇದೆಲ್ಲ ಕೆಳಗಿನಿಂದ ಮೇಲಕ್ಕೆ ಹೋಗುವ ಕಥೆಯೇ ಆಗಿತ್ತು. ಅದೇ ಏರುಪೇರು ಮತ್ತೆ ಕೆಳಗಿಳಿದು ನೆಲದ ಹವೆಯ ಮೇಲೆ 60 ದಿನಗಳವರೆಗೆ ಗುರುತು ಬಿಡುತ್ತದೆ ಎಂದು 2001ರಲ್ಲಿ ಮಾರ್ಕ್ ಬಾಲ್ಡ್ವಿನ್ ಮತ್ತು ತಿಮೊತಿ ಡಂಕರ್ಟನ್ ದಶಕಗಳ ದಾಖಲೆ ಜೋಡಿಸಿ ತೋರಿಸಿದಾಗ ಚರ್ಚೆಯ ದಿಕ್ಕು ಬದಲಾಯಿತು.

ಧ್ರುವ ಸುಳಿ

ಚಳಿಗಾಲದಲ್ಲಿ ಧ್ರುವಪ್ರದೇಶಕ್ಕೆ ಬಿಸಿಲಿಲ್ಲ. ಅಲ್ಲಿನ ಸಮೋಷ್ಣ ಮಂಡಲ ತೀರಾ ತಣ್ಣಗಾಗಿ, ಅದರ ಸುತ್ತ ಪಶ್ಚಿಮದಿಂದ ಪೂರ್ವಕ್ಕೆ ಬಿರುಸಾದ ಗಾಳಿಯ ಬಳೆಯೊಂದು ಏರ್ಪಡುತ್ತದೆ. ಇದೇ ಧ್ರುವ ಸುಳಿ. ಸುಳಿ ಗಟ್ಟಿಯಾಗಿದ್ದಾಗ ಧ್ರುವದ ಮೇಲೆ ಒತ್ತಡ ಕಡಿಮೆ, ಅದರ ಹೊರಗೆ ಹೆಚ್ಚು. ಉತ್ತರ ಅಟ್ಲಾಂಟಿಕ್‌ನ ಮೇಲೆ ಪಶ್ಚಿಮ ಮಾರುತಗಳು ಚುರುಕಾಗಿ ಬೀಸುತ್ತವೆ. ಸುಳಿ ಸಡಿಲವಾದಾಗ ಒತ್ತಡದ ವ್ಯತ್ಯಾಸ ತಗ್ಗಿ ಗಾಳಿಯ ಹಾದಿ ದಕ್ಷಿಣಕ್ಕೆ ಜಾರುತ್ತದೆ. ಐಸ್‌ಲ್ಯಾಂಡ್ ಮತ್ತು ಅಜೋರ್ಸ್ ದ್ವೀಪಗಳ ನಡುವಿನ ಒತ್ತಡದ ಈ ತೂಗಾಟಕ್ಕೆ ಉತ್ತರ ಅಟ್ಲಾಂಟಿಕ್ ಆಂದೋಲನ ಎಂದು ಹೆಸರು. ಹೆಸರಿಟ್ಟವರು ಗಿಲ್ಬರ್ಟ್ ವಾಕರ್. ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿ, ಮುಂಗಾರಿನ ಮುನ್ಸೂಚನೆಗಾಗಿ ಜಗತ್ತಿನ ಒತ್ತಡದ ದಾಖಲೆಗಳನ್ನೆಲ್ಲ ಜಾಲಾಡುತ್ತಿದ್ದಾಗ ಅವರಿಗೆ ಇದು ಎದುರಾಯಿತು.

10 ಹೆಕ್ಟೊಪ್ಯಾಸ್ಕಲ್ ಒತ್ತಡದ ಮಟ್ಟದಲ್ಲಿ, ಅಂದರೆ ಸುಮಾರು 30 ಕಿ.ಮೀ. ಎತ್ತರದಲ್ಲಿ, 60 ಡಿಗ್ರಿ ಉತ್ತರ ಅಕ್ಷಾಂಶದ ಸರಾಸರಿ ಗಾಳಿ ಪಶ್ಚಿಮದಿಂದ ಪೂರ್ವದ ಗಾಳಿಯಾಗಿ ತಿರುಗಿದರೆ ಅದನ್ನು ಪ್ರಮುಖ ಹಠಾತ್ ಬಿಸಿಯೇರಿಕೆ ಎಂದು ಲೆಕ್ಕ ಹಾಕುತ್ತಾರೆ. ಉತ್ತರಾರ್ಧಗೋಳದಲ್ಲಿ ಇದು ದಶಕಕ್ಕೆ ಸರಾಸರಿ ಆರು ಬಾರಿ ಆಗುತ್ತದೆ. ಅಲೆಗಳು ದುರ್ಬಲವಾಗಿರುವ ದಕ್ಷಿಣದಲ್ಲಿ ಬಹು ಅಪರೂಪ. ಅಂಥ ಪ್ರಮುಖ ಘಟನೆ ಅಲ್ಲಿ ದಾಖಲಾಗಿರುವುದು 2002ರ ಸೆಪ್ಟೆಂಬರಿನಲ್ಲಿ.

2018ರ ಒಂದು ಘಟನೆಯನ್ನು ದಿನದಿನವೂ ಹಿಂಬಾಲಿಸಿ ನೋಡಬಹುದು. ಆ ವರ್ಷ ಫೆಬ್ರವರಿ 12ರಂದು ಧ್ರುವ ಸುಳಿ ಎರಡಾಗಿ ಸೀಳಿತು, ಮೇಲಿನ ಗಾಳಿ ದಿಕ್ಕು ಬದಲಿಸಿತು. ನೆಲದ ಮೇಲೆ ಆಗ ಏನೂ ಕಾಣಲಿಲ್ಲ. ಎರಡು ವಾರಗಳ ನಂತರ ಸೈಬೀರಿಯಾದ ಕಡೆಯಿಂದ ಕೊರೆಯುವ ಪೂರ್ವದ ಗಾಳಿ ಯೂರೋಪಿಗೆ ನುಗ್ಗಿತು. ರೋಮ್ ನಗರದಲ್ಲಿ ಹಿಮ ಬಿತ್ತು. ಬ್ರಿಟನ್ನಿನಲ್ಲಿ ರಸ್ತೆ, ರೈಲು ಸ್ತಬ್ಧವಾದವು. ಅಲ್ಲಿನ ಪತ್ರಿಕೆಗಳು ಅದನ್ನು ಪೂರ್ವದ ಮೃಗ ಎಂದು ಕರೆದವು. ಅದೇ ದಿನಗಳಲ್ಲಿ ಉತ್ತರ ಗ್ರೀನ್‌ಲ್ಯಾಂಡಿನ ಕೇಪ್ ಮಾರಿಸ್ ಜೆಸಪ್‌ನಲ್ಲಿ, ನಡುಚಳಿಗಾಲದ ಕತ್ತಲಲ್ಲಿ, ತಾಪ ಸೊನ್ನೆ ಡಿಗ್ರಿ ದಾಟಿತ್ತು. ದಕ್ಷಿಣಕ್ಕೆ ಜಾರಿದ ಮಳೆಮಾರುತಗಳು ಮಾರ್ಚ್ ತಿಂಗಳಲ್ಲಿ ಸ್ಪೇನ್ ಮತ್ತು ಪೋರ್ಚುಗಲ್‌ಗಳ ಬರವನ್ನು ಮುಗಿಸಿದವು. ಪ್ರತಿ ಬಿಸಿಯೇರಿಕೆಯೂ ಹೀಗೆ ನೆಲಮುಟ್ಟುವುದಿಲ್ಲ. ಸುಮಾರು ಮೂರರಲ್ಲಿ ಒಂದರ ಗುರುತು ಕೆಳಗೆ ಸರಿಯಾಗಿ ಕಾಣುವುದೇ ಇಲ್ಲ. ಆದರೆ ಮುಟ್ಟಿದಾಗ ಅದು ಒಂದು ಊರು, ಒಂದು ದೇಶಕ್ಕೆ ಸೀಮಿತವಾಗದೆ ಇಡೀ ಸಾಗರದ ಮೇಲಿನ ಗಾಳಿಯನ್ನು ವಾರಗಟ್ಟಲೆ ಪಲ್ಲಟಗೊಳಿಸುತ್ತದೆ.

ಕಡಲು ಸ್ಪಂದಿಸುವ ಬಗೆ

ಗಾಳಿ ಕಡಲನ್ನು ಎರಡು ಬಗೆಯಲ್ಲಿ ತಟ್ಟುತ್ತದೆ: ನೂಕುವುದರಿಂದ ಮತ್ತು ತಣಿಸುವುದರಿಂದ. ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ 1893–96ರಲ್ಲಿ ತಮ್ಮ ಫ್ರಾಮ್ ಹಡಗನ್ನು ಆರ್ಕ್ಟಿಕ್ ಹಿಮದಲ್ಲಿ ಸಿಕ್ಕಿಸಿಕೊಂಡು ತೇಲಿದಾಗ, ಹಿಮದ ಹಾಸು ಗಾಳಿಯ ದಿಕ್ಕಿಗೆ ಹೋಗದೆ ಬಲಕ್ಕೆ ವಾಲುವುದನ್ನು ಗಮನಿಸಿದರು. ಸ್ವೀಡನ್ನಿನ ವಾಗ್ನ್ ಎಕ್‌ಮನ್ 1905ರಲ್ಲಿ ಇದಕ್ಕೆ ಭೂಮಿಯ ಆವರ್ತನೆಯಿಂದ ಕಾರಣ ಕೊಟ್ಟರು. ಗಾಳಿ ಎಳೆದ ಮೇಲ್ಪದರದ ನೀರು ಒಟ್ಟಾರೆಯಾಗಿ ಉತ್ತರಾರ್ಧದಲ್ಲಿ ಗಾಳಿಯ ಬಲಕ್ಕೂ ದಕ್ಷಿಣಾರ್ಧದಲ್ಲಿ ಎಡಕ್ಕೂ ಸಾಗುತ್ತದೆ. ನೀರು ದೂರ ಸರಿದ ಕಡೆ ಆಳದ ನೀರು ಮೇಲೇಳುತ್ತದೆ, ಬಂದು ಸೇರಿದ ಕಡೆ ಮೇಲಿನದು ಕೆಳಗಿಳಿಯುತ್ತದೆ.

ತಣಿಸುವ ಕೆಲಸವೂ ಇಷ್ಟೇ ಮುಖ್ಯ. ಒಣ ತಣ್ಣನೆಯ ಗಾಳಿ ಬೀಸಿದಾಗ ಕಡಲು ಶಾಖವನ್ನೂ ಆವಿಯನ್ನೂ ಕಳೆದುಕೊಳ್ಳುತ್ತದೆ. ತಣಿದ ಉಪ್ಪುನೀರು ಭಾರವಾಗುತ್ತದೆ. ಸಾಕಷ್ಟು ಭಾರವಾದರೆ ಮುಳುಗುತ್ತದೆ.

ಒಂದು ಚಳಿಗಾಲದ ಗಾಳಿಯಿಂದ ಕಡಲಾಳ ಬದಲಾಗುವುದಿಲ್ಲ. ಆದರೆ ಕಡಲಿಗೆ ಕೂಡಿಸಿಡುವ ಗುಣವಿದೆ. ದಿನದಿನದ ಹವೆಯ ಗೊತ್ತುಗುರಿಯಿಲ್ಲದ ಏರಿಳಿತವನ್ನು ಕೂಡಿಸುತ್ತ ಹೋದರೆ ಸಾಗರದಲ್ಲಿ ನಿಧಾನಗತಿಯ ದೊಡ್ಡ ಏರಿಳಿತಗಳು ತಾವಾಗಿ ಹುಟ್ಟುತ್ತವೆ ಎಂದು ಜರ್ಮನಿಯ ಕ್ಲಾಸ್ ಹ್ಯಾಸೆಲ್‌ಮನ್ 1976ರಲ್ಲಿ ತೋರಿಸಿದರು. ವಾಯುಗುಣ ವಿಜ್ಞಾನದ ಕೆಲಸಕ್ಕಾಗಿ 2021ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಸಿಕ್ಕಿತು. ಪಿಗ್ಮಿ ಖಾತೆಗೆ ದಿನವೂ ಬೀಳುವ ಚಿಲ್ಲರೆ ವರ್ಷದ ಕೊನೆಗೆ ಗಂಟಾಗುವಂತೆ, ಕಡಲಿನಲ್ಲಿ ಗಾಳಿಯ ಕಾಣಿಕೆ ಜಮೆಯಾಗುತ್ತದೆ. ಸಮೋಷ್ಣ ಮಂಡಲ ಒಂದೇ ದಿಕ್ಕಿನಲ್ಲಿ ಹಲವು ಚಳಿಗಾಲ ಎಳೆದರೆ ಆ ಗಂಟು ಬೇಗ ಬೆಳೆಯುತ್ತದೆ.

ಉತ್ತರ ಅಟ್ಲಾಂಟಿಕ್

ಕಡಲಿನ ಮೇಲ್ಪದರ ಆಳದೊಂದಿಗೆ ನೇರವಾಗಿ ಬೆರೆಯುವ ಜಾಗಗಳು ಜಗತ್ತಿನಲ್ಲಿ ಕೆಲವೇ. ಗ್ರೀನ್‌ಲ್ಯಾಂಡಿನ ದಕ್ಷಿಣದ ಕಡಲುಗಳು ಅವುಗಳಲ್ಲಿ ಸೇರಿವೆ. ಕೆನಡಾ ಮತ್ತು ಗ್ರೀನ್‌ಲ್ಯಾಂಡ್ ನಡುವಿನ ಲ್ಯಾಬ್ರಡಾರ್ ಸಮುದ್ರದಲ್ಲಿ ಚಳಿಗಾಲದ ಬಿರುಗಾಳಿ ಎದ್ದಾಗ, ಹಿಮ ಹೊದ್ದ ಕೆನಡಾದ ನೆಲದ ಮೇಲಿಂದ ಬಂದ ಗಾಳಿ ಪ್ರತಿ ಚದರ ಮೀಟರ್ ನೀರಿನಿಂದ ನೂರಾರು ವ್ಯಾಟ್ ಶಾಖವನ್ನು ಕಿತ್ತುಕೊಳ್ಳುತ್ತದೆ. ಸುಮಾರು ಒಂದು ಕಿಲೊಮೀಟರ್ ಅಗಲದ ತಣ್ಣೀರಿನ ಕಂಬಗಳು ಸೆಕೆಂಡಿಗೆ ಕೆಲವು ಸೆಂಟಿಮೀಟರ್ ವೇಗದಲ್ಲಿ ಕೆಳಗಿಳಿಯುತ್ತವೆ. ಕೆಲವೇ ವಾರಗಳಲ್ಲಿ ಮೇಲಿನಿಂದ ಸಾವಿರಾರು ಅಡಿ ಆಳದವರೆಗೆ ನೀರೆಲ್ಲ ಒಂದೇ ತಾಪ, ಒಂದೇ ಉಪ್ಪಿನದಾಗುತ್ತದೆ. ವಸಂತದಲ್ಲಿ ಮೇಲ್ಪದರ ಮತ್ತೆ ಬೆಚ್ಚಗಾಗಿ ಮುಚ್ಚಿಕೊಂಡರೂ ಒಳಗಿಳಿದ ನೀರು ಆಳದಲ್ಲೇ ದಕ್ಷಿಣಕ್ಕೆ ಸಾಗುತ್ತದೆ.

ಇಂಥ ಮುಳುಗುವಿಕೆಯೊಂದಿಗೆ ಹೆಣೆದುಕೊಂಡಿರುವುದೇ ಅಟ್ಲಾಂಟಿಕ್‌ನ ಮಗುಚುವ ಪರಿಚಲನೆ. ಮೇಲೆ ಬೆಚ್ಚಗಿನ ನೀರು ಉತ್ತರಕ್ಕೆ, ಆಳದಲ್ಲಿ ತಣ್ಣೀರು ದಕ್ಷಿಣಕ್ಕೆ ಹರಿಯುತ್ತದೆ. 2004ರಿಂದ 26.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಬಹಾಮಾಸ್‌ನಿಂದ ಆಫ್ರಿಕದ ತೀರದವರೆಗೆ ಲಂಗರು ಹಾಕಿದ ರ‍್ಯಾಪಿಡ್ ಎಂಬ ಉಪಕರಣಮಾಲೆ ಇದನ್ನು ಅಳೆಯುತ್ತಿದೆ. ಸರಾಸರಿ ಹರಿವು ಸೆಕೆಂಡಿಗೆ ಸುಮಾರು 1.7 ಕೋಟಿ ಘನ ಮೀಟರ್. ಜಗತ್ತಿನ ಎಲ್ಲ ನದಿಗಳ ನೀರನ್ನು ಒಟ್ಟು ಸೇರಿಸಿದರೂ ಇದರ ಹತ್ತನೇ ಒಂದು ಭಾಗವಾಗದು. ಪಶ್ಚಿಮ ಯೂರೋಪಿನ ಚಳಿಗಾಲ ಅದೇ ಅಕ್ಷಾಂಶದ ಕೆನಡಾದಷ್ಟು ಕಟುವಾಗದಿರಲು ಈ ಶಾಖಸಾಗಣೆಯೂ ಒಂದು ಕಾರಣ.

1989ರ ಫೆಬ್ರವರಿಯಿಂದ 1998ರ ಡಿಸೆಂಬರ್‌ವರೆಗೆ ಉತ್ತರಾರ್ಧದಲ್ಲಿ ಒಂದೂ ಪ್ರಮುಖ ಹಠಾತ್ ಬಿಸಿಯೇರಿಕೆ ಆಗಲಿಲ್ಲ. ಆ ಅವಧಿಯ ಮೊದಲ ವರ್ಷಗಳಲ್ಲಿ ಧ್ರುವ ಸುಳಿ ಗಟ್ಟಿಯಾಗಿತ್ತು, ಪಶ್ಚಿಮ ಮಾರುತಗಳು ಬಿರುಸಾಗಿದ್ದವು. 1990ರ ದಶಕದ ಮೊದಲರ್ಧದಲ್ಲಿ ಲ್ಯಾಬ್ರಡಾರ್ ಸಮುದ್ರದ ಮಿಶ್ರಣ 2,000 ಮೀಟರ್‌ಗೂ ಆಳಕ್ಕೆ ಇಳಿಯಿತು. ದಶಕದ ಕೊನೆಗೆ ಬಿಸಿಯೇರಿಕೆಗಳು ಮರಳಿದವು. ಆಳದ ಮಿಶ್ರಣ ಕುಗ್ಗಿತು, ಗ್ರೀನ್‌ಲ್ಯಾಂಡಿನ ದಕ್ಷಿಣದ ಸಾಗರಸುಳಿ ನಿಧಾನವಾಯಿತು.

ಇವೆರಡರ ನಡುವಿನ ನಂಟನ್ನು ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಥಾಮಸ್ ರೈಕ್ಲರ್ ಮತ್ತು ಸಂಗಡಿಗರು 2012ರಲ್ಲಿ ಪರೀಕ್ಷಿಸಿದರು. ಮೂವತ್ತು ವರ್ಷದ ವೀಕ್ಷಣೆ ಸಾಲದು ಎಂದು ಅವರು ಗಾಳಿ–ಕಡಲುಗಳ ಜಂಟಿ ಗಣಕ ಮಾದರಿಯೊಂದರಲ್ಲಿ 4,000 ವರ್ಷಗಳ ವಾಯುಗುಣವನ್ನು ಓಡಿಸಿ ನೋಡಿದರು. ಧ್ರುವ ಸುಳಿ ಹಲವು ಚಳಿಗಾಲ ಸತತವಾಗಿ ಗಟ್ಟಿಯಾಗಿ ಅಥವಾ ಸಡಿಲವಾಗಿ ಉಳಿದಾಗ, ಗ್ರೀನ್‌ಲ್ಯಾಂಡಿನ ದಕ್ಷಿಣದ ಕಡಲು ಮೊದಲು ಸ್ಪಂದಿಸಿತು. ಕೆಲವು ವರ್ಷಗಳ ನಂತರ ಇಡೀ ಮಗುಚುವ ಪರಿಚಲನೆ ಅದರ ಬೆನ್ನುಹತ್ತಿತು. ಆ ಕಡಲಿನ ನೀರು ಮುಳುಗುವ ಅಂಚಿನಲ್ಲೇ ನಿಂತಿರುವುದರಿಂದ ಮೇಲಿನಿಂದ ಬಂದ ಸಣ್ಣ ಪೆಟ್ಟೂ ಅಲ್ಲಿ ನಾಟುತ್ತದೆ.

ಈ ಚಿತ್ರಕ್ಕೆ ನಂತರದ ಅಳತೆಗಳು ತಿದ್ದುಪಡಿ ತಂದಿವೆ. 2014ರಿಂದ ಕೆನಡಾ–ಗ್ರೀನ್‌ಲ್ಯಾಂಡ್–ಸ್ಕಾಟ್‌ಲ್ಯಾಂಡ್ ಸಾಲಿನಲ್ಲಿ ನಡೆದಿರುವ ಓಸ್ನ್ಯಾಪ್ ವೀಕ್ಷಣೆಯಲ್ಲಿ, ಮಗುಚುವಿಕೆಯ ದೊಡ್ಡ ಪಾಲು ಲ್ಯಾಬ್ರಡಾರ್‌ನಲ್ಲಲ್ಲದೆ ಗ್ರೀನ್‌ಲ್ಯಾಂಡಿನ ಪೂರ್ವದ ಕಡಲುಗಳಲ್ಲಿ ಕಂಡುಬಂತು. ಹಾಗಾಗಿ ಸುಳಿಯ ಪೆಟ್ಟು ಯಾವ ಕಡಲಿನ ಮೂಲಕ ಎಷ್ಟು ದಾಟುತ್ತದೆ ಎಂಬ ಲೆಕ್ಕ ಮತ್ತೆ ನಡೆಯುತ್ತಿದೆ. ನೇರ ನೂಕುವಿಕೆಯ ಪರಿಣಾಮವಂತೂ ಕಣ್ಣೆದುರೇ ದಾಖಲಾಗಿದೆ. 2009–10ರ ಚಳಿಗಾಲದಲ್ಲಿ ಉತ್ತರ ಅಟ್ಲಾಂಟಿಕ್ ಆಂದೋಲನ ದಾಖಲೆಯ ಅತಿ ಕೆಳಮಟ್ಟಗಳಲ್ಲೊಂದಕ್ಕೆ ಇಳಿದಿತ್ತು, ಸಮೋಷ್ಣ ಮಂಡಲದ ಸುಳಿಯೂ ಒಡೆದಿತ್ತು. 2009–10ರ ಸಾಲಿನಲ್ಲಿ ರ‍್ಯಾಪಿಡ್ ಸಾಲಿನ ವಾರ್ಷಿಕ ಹರಿವು ಸುಮಾರು ಶೇ. 30ರಷ್ಟು ಕುಸಿಯಿತು. ಆ ಕುಸಿತದಲ್ಲಿ ಗಾಳಿಯ ಪಾಲು ಒಂದಿಷ್ಟು, ಕಡಲಿನೊಳಗಿನ ಬದಲಾವಣೆಯ ಪಾಲು ಉಳಿದದ್ದು.

ದಕ್ಷಿಣ ಸಾಗರ ಮತ್ತು ಓಝೋನ್ ರಂಧ್ರ

ಮನುಷ್ಯನ ಕೈಯಿಂದ ಸಮೋಷ್ಣ ಮಂಡಲ ಬದಲಾಗಿ, ಅದರಿಂದ ಕಡಲೂ ಬದಲಾದುದಕ್ಕೆ ಅತಿ ಸ್ಪಷ್ಟ ಉದಾಹರಣೆ ಅಂಟಾರ್ಕ್ಟಿಕಾದ ಸುತ್ತಲಿನದು. ಹ್ಯಾಲಿ ಬೇ ಠಾಣೆಯ ಅಳತೆಗಳನ್ನು ಆಧರಿಸಿ ಬ್ರಿಟನ್ನಿನ ಜೋಸೆಫ್ ಫಾರ್ಮನ್, ಬ್ರಯನ್ ಗಾರ್ಡಿನರ್ ಮತ್ತು ಜೊನಾಥನ್ ಶಾಂಕ್ಲಿನ್ 1985ರಲ್ಲಿ ಅಲ್ಲಿನ ವಸಂತದ ಓಝೋನ್ ತೀವ್ರವಾಗಿ ಕುಸಿದಿರುವುದನ್ನು ಪ್ರಕಟಿಸಿದರು. ಶೈತ್ಯಯಂತ್ರ ಮತ್ತು ಸ್ಪ್ರೇ ಡಬ್ಬಿಗಳಲ್ಲಿ ಬಳಸುತ್ತಿದ್ದ ಕ್ಲೋರೊಫ್ಲೋರೊಕಾರ್ಬನ್ ಅನಿಲಗಳೇ ಕಾರಣ. ಧ್ರುವ ಸುಳಿಯೊಳಗೆ ತಾಪ ಸೊನ್ನೆಯ ಕೆಳಗೆ 78 ಡಿಗ್ರಿಗೂ ಇಳಿದಾಗ ತೆಳು ಮೋಡಗಳು ಹುಟ್ಟುತ್ತವೆ. ಅವುಗಳ ಕಣಗಳ ಮೇಲೆ ಕ್ಲೋರಿನ್ ಚುರುಕಾಗಿ, ವಸಂತದ ಬಿಸಿಲು ಬಿದ್ದೊಡನೆ ಓಝೋನನ್ನು ಮುರಿಯುತ್ತದೆ. 2000ದ ಸೆಪ್ಟೆಂಬರಿನಲ್ಲಿ ಈ ರಂಧ್ರ ಭಾರತದ ಒಟ್ಟು ವಿಸ್ತೀರ್ಣದ ಸುಮಾರು ಒಂಬತ್ತು ಪಟ್ಟು ಹಬ್ಬಿತ್ತು.

ಓಝೋನ್ ಇಲ್ಲದ ಗಾಳಿ ಬಿಸಿಲನ್ನು ಹೀರಲಾರದೆ ತಣ್ಣಗೇ ಉಳಿಯುತ್ತದೆ. ವಸಂತದಲ್ಲಿ ಒಡೆಯಬೇಕಿದ್ದ ದಕ್ಷಿಣದ ಸುಳಿ ಬೇಸಿಗೆಯ ಹೊಸ್ತಿಲವರೆಗೂ ಉಳಿಯುತ್ತದೆ. ಇದರ ಗುರುತು ಒಂದೆರಡು ತಿಂಗಳಲ್ಲಿ ಕೆಳಗಿಳಿದು, ಡಿಸೆಂಬರ್‌ನಿಂದ ಫೆಬ್ರವರಿವರೆಗೆ ದಕ್ಷಿಣ ಸಾಗರದ ಪಶ್ಚಿಮ ಮಾರುತಗಳ ಪಟ್ಟಿಯನ್ನು ಧ್ರುವದತ್ತ ಸರಿಸಿ ಬಿರುಸಾಗಿಸುತ್ತದೆ ಎಂದು ಡೇವಿಡ್ ಥಾಂಪ್ಸನ್ ಮತ್ತು ಸೂಸನ್ ಸೋಲೊಮನ್ 2002ರಲ್ಲಿ ತೋರಿಸಿದರು. 20ನೇ ಶತಮಾನದ ಕೊನೆಯ ದಶಕಗಳ ಬೇಸಿಗೆಯಲ್ಲಿ ಈ ಸರಿತಕ್ಕೆ ಹಸಿರುಮನೆ ಅನಿಲಗಳಿಗಿಂತ ಓಝೋನ್ ನಷ್ಟವೇ ಹೆಚ್ಚು ಕಾರಣ ಎಂಬುದು ಇಂದು ಒಪ್ಪಿತವಾದ ವಿಷಯ.

ದಕ್ಷಿಣ ಸಾಗರದಲ್ಲಿ ಈ ಗಾಳಿಗೆ ಅಡ್ಡವಾಗುವ ಖಂಡವೇ ಇಲ್ಲ. ಭೂಮಿಯನ್ನು ಪೂರ್ತಿ ಸುತ್ತುವ ಒಂದೇ ಪ್ರವಾಹ ಅಲ್ಲಿದೆ. ಗಾಳಿ ಮೇಲಿನ ನೀರನ್ನು ಉತ್ತರಕ್ಕೆ ನೂಕಿದಾಗ, ಶತಮಾನಗಳ ಹಿಂದೆ ಮುಳುಗಿದ್ದ ಆಳದ ನೀರು ಅದರ ಜಾಗಕ್ಕೆ ಏರಿಬರುತ್ತದೆ. ಉತ್ತರಕ್ಕೆ ಹೋದದ್ದು ಮಧ್ಯ ಅಕ್ಷಾಂಶಗಳಲ್ಲಿ ಮತ್ತೆ ಇಳಿಯುತ್ತದೆ. ಗಾಳಿ ಬಿರುಸಾದಂತೆ ಈ ಎರಡೂ ಹೆಚ್ಚಬೇಕು. ಇದನ್ನು ಪರೀಕ್ಷಿಸಲು ಡ್ಯಾರಿನ್ ವಾ ಮತ್ತು ಸಂಗಡಿಗರು 2013ರಲ್ಲಿ ಬಳಸಿದ ಸಾಕ್ಷಿ, ಓಝೋನನ್ನು ಕೊಂದ ಅನಿಲಗಳಲ್ಲೊಂದಾದ ಸಿಎಫ್‌ಸಿ–12. ಅದು ಗಾಳಿಯಲ್ಲಿ ಯಾವ ವರ್ಷ ಎಷ್ಟಿತ್ತು ಎಂಬುದು ಗೊತ್ತಿರುವುದರಿಂದ, ಕಡಲ ನೀರಿನಲ್ಲಿ ಕರಗಿರುವ ಪ್ರಮಾಣ ನೋಡಿ ಆ ನೀರು ಮೇಲ್ಮೈ ಬಿಟ್ಟು ಎಷ್ಟು ಕಾಲವಾಯಿತು ಎಂದು ಲೆಕ್ಕ ಹಾಕಬಹುದು. 1990ರ ದಶಕದ ಆರಂಭದ ಮಾದರಿಗಳನ್ನೂ 2000ದ ದಶಕದ ಕೊನೆಯವನ್ನೂ ಹೋಲಿಸಿದಾಗ, ಉಪೋಷ್ಣವಲಯದ ಕಡಲಿನ ನೀರಿನ ವಯಸ್ಸು ಕಡಿಮೆಯಾಗಿತ್ತು, ಅಂಟಾರ್ಕ್ಟಿಕಾದ ಸುತ್ತಿನ ಆಳನೀರಿನ ವಯಸ್ಸು ಹೆಚ್ಚಾಗಿತ್ತು. ಅಂದರೆ ಹೊಸ ನೀರು ಬೇಗಬೇಗ ಒಳಗಿಳಿಯುತ್ತಿತ್ತು, ಹಳೆಯ ನೀರು ಹೆಚ್ಚು ಮೇಲೇಳುತ್ತಿತ್ತು. ಮೇಲೆ ಪದರವನ್ನು ಹರಿದ ಅನಿಲವೇ ಕೆಳಗೆ ಅದರ ಫಲವನ್ನು ದಾಖಲಿಸಿಟ್ಟಿತ್ತು.

ಕಡಲಿನೊಳಗಿನ ಹತ್ತಾರು ಕಿಲೊಮೀಟರ್ ಅಗಲದ ಸುಳಿಗಳು ಗಾಳಿಯ ಹೆಚ್ಚುವರಿ ಬಲದ ಒಂದು ಭಾಗವನ್ನು ತಿಂದುಹಾಕುವುದರಿಂದ ಪರಿಣಾಮ ಗಾಳಿಯಷ್ಟೇ ಬೆಳೆಯುವುದಿಲ್ಲ. ಆದರೂ ಪಣ ದೊಡ್ಡದು. ಸಾಗರಗಳು ಹೀರಿರುವ ಮನುಷ್ಯನಿರ್ಮಿತ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಶೇ. 40, ಹೆಚ್ಚುವರಿ ಶಾಖದಲ್ಲಿ ಸುಮಾರು ಮುಕ್ಕಾಲು ಪಾಲು ಒಳಹೊಕ್ಕಿರುವುದು ದಕ್ಷಿಣ ಸಾಗರದ ಮೂಲಕ. ಮೇಲೇಳುವ ಹಳೆಯ ನೀರು ತನ್ನಲ್ಲಿದ್ದ ಇಂಗಾಲವನ್ನು ಗಾಳಿಗೆ ಬಿಡುವುದೂ ಉಂಟು.

ಇದೇ ಪ್ರಕರಣ ಭರವಸೆಯನ್ನೂ ಕೊಡುತ್ತದೆ. 1987ರ ಸೆಪ್ಟೆಂಬರ್ 16ರಂದು ಸಹಿಯಾದ ಮಾಂಟ್ರಿಯಲ್ ಒಪ್ಪಂದದಿಂದ ಈ ಅನಿಲಗಳ ತಯಾರಿಕೆ ನಿಂತುಬಂತು. 2000ದ ನಂತರ ದಕ್ಷಿಣದ ಬೇಸಿಗೆಯ ಗಾಳಿಪಟ್ಟಿಯ ಸರಿತ ತಡೆದು ನಿಂತಿದೆ, ಅದಕ್ಕೆ ಓಝೋನ್ ಚೇತರಿಕೆ ಕಾರಣ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಈಗಿನ ನಿಯಮಗಳು ಪಾಲನೆಯಾದರೆ ಅಂಟಾರ್ಕ್ಟಿಕಾದ ಓಝೋನ್ 2066ರ ಸುಮಾರಿಗೆ 1980ರ ಮಟ್ಟಕ್ಕೆ ಮರಳುತ್ತದೆ ಎಂಬುದು ವಿಶ್ವಸಂಸ್ಥೆಯ 2022ರ ಮೌಲ್ಯಮಾಪನದ ಅಂದಾಜು.

ಉಷ್ಣವಲಯದ ಗಾಳಿಗಳು

ಸಮಭಾಜಕದ ಮೇಲಿನ ಸಮೋಷ್ಣ ಮಂಡಲದಲ್ಲಿ ಪೂರ್ವದ ಗಾಳಿ ಮತ್ತು ಪಶ್ಚಿಮದ ಗಾಳಿ ಸುಮಾರು 28 ತಿಂಗಳಿಗೊಮ್ಮೆ ಒಂದು ಸುತ್ತು ಮುಗಿಸುವಂತೆ ಸರದಿ ಬದಲಿಸುತ್ತವೆ. ಪ್ರತಿ ಗಾಳಿಯೂ ಮೇಲೆ ಹುಟ್ಟಿ ತಿಂಗಳಿಗೆ ಸುಮಾರು ಒಂದು ಕಿಲೊಮೀಟರಿನಂತೆ ಕೆಳಗಿಳಿಯುತ್ತದೆ. 1883ರಲ್ಲಿ ಕ್ರಕಟೋವಾ ಜ್ವಾಲಾಮುಖಿಯ ಧೂಳು ಎರಡು ವಾರದೊಳಗೆ ಪಶ್ಚಿಮಾಭಿಮುಖವಾಗಿ ಭೂಮಿಯನ್ನು ಸುತ್ತಿಬಂದಾಗ ಜನ ಕಂಡದ್ದು ಈ ಸರದಿಯ ಪೂರ್ವದ ಗಾಳಿಯನ್ನು. ಈ ಆವರ್ತವನ್ನು 1960ರ ಆಸುಪಾಸಿನಲ್ಲಿ ರಿಚರ್ಡ್ ರೀಡ್ ಮತ್ತು ರಾಬರ್ಟ್ ಎಬ್ಡನ್ ಬೇರೆಬೇರೆಯಾಗಿ ಗುರುತಿಸಿದರು. ಉಷ್ಣವಲಯದ ಕಡಲುಗಳ ಮೇಲೇಳುವ ಗುಡುಗು ಮೋಡಗಳಿಂದ ಹೊಮ್ಮಿದ ಅಲೆಗಳೇ ಇದನ್ನು ನಡೆಸುತ್ತವೆ. ಪೂರ್ವದ ಗಾಳಿಯ ಸರದಿಯಲ್ಲಿ ಉತ್ತರದ ಧ್ರುವ ಸುಳಿ ಸಡಿಲವಾಗುವ ಒಲವು ಹೆಚ್ಚು. ಹಿಂದೂ ಮಹಾಸಾಗರದಿಂದ ಪೆಸಿಫಿಕ್‌ನತ್ತ ತೆವಳುವ ಮಳೆಮೋಡಗಳ ಮ್ಯಾಡನ್–ಜೂಲಿಯನ್ ಆಂದೋಲನವೂ ಅದೇ ಸರದಿಯ ಚಳಿಗಾಲದಲ್ಲಿ ಬಲವಾಗಿರುತ್ತದೆ. 2015–16ರಲ್ಲಿ ಈ ಗಡಿಯಾರದಂಥ ಸರದಿ ದಾಖಲೆಯಲ್ಲೇ ಮೊದಲ ಬಾರಿಗೆ ತಪ್ಪಿತು.

ಜ್ವಾಲಾಮುಖಿ ಮತ್ತು ಸೂರ್ಯ

1991ರ ಜೂನ್ 15ರಂದು ಫಿಲಿಪ್ಪೀನ್ಸಿನ ಪಿನಾಟುಬೊ ಸಿಡಿದು ಒಂದೂವರೆಯಿಂದ ಎರಡು ಕೋಟಿ ಟನ್ ಗಂಧಕದ ಡೈಆಕ್ಸೈಡನ್ನು ಸಮೋಷ್ಣ ಮಂಡಲಕ್ಕೆ ಎಸೆಯಿತು. ಅದರಿಂದಾದ ಆಮ್ಲದ ಹನಿಗಳು ಬಿಸಿಲನ್ನು ಹಿಂದಕ್ಕೆ ಚದುರಿಸಿ ಮರುವರ್ಷ ಭೂಮಿಯ ಸರಾಸರಿ ತಾಪವನ್ನು ಸುಮಾರು ಅರ್ಧ ಡಿಗ್ರಿ ತಗ್ಗಿಸಿದವು. ಗಾಳಿ ಎರಡು–ಮೂರು ವರ್ಷಗಳಲ್ಲಿ ಚೇತರಿಸಿಕೊಂಡಿತು. ಕಡಲು ಕಳೆದುಕೊಂಡ ಶಾಖದಿಂದ ನೀರು ಕುಗ್ಗಿ ಜಗತ್ತಿನ ಸಮುದ್ರಮಟ್ಟ ಸುಮಾರು 5 ಮಿಲಿಮೀಟರ್ ಇಳಿಯಿತು, ಆ ಕೊರತೆ ತುಂಬಲು ಹೆಚ್ಚು ಕಾಲ ಬೇಕಾಯಿತು. 2022ರ ಜನವರಿ 15ರಂದು ಟೊಂಗಾದ ಹುಂಗಾ ಜ್ವಾಲಾಮುಖಿ ಕಡಲಡಿಯಿಂದಲೇ ಸಿಡಿದು ಸುಮಾರು 15 ಕೋಟಿ ಟನ್ ನೀರಾವಿಯನ್ನು ಮೇಲಿನ ಪದರಕ್ಕೆ ಸೇರಿಸಿತು. ಕಡಲು ನೇರವಾಗಿ ಸಮೋಷ್ಣ ಮಂಡಲಕ್ಕೆ ಉಕ್ಕಿದ ಅಪೂರ್ವ ಘಟನೆಯಿದು.

ಸೂರ್ಯನ 11 ವರ್ಷಗಳ ಚಕ್ರದಲ್ಲಿ ಒಟ್ಟು ಬೆಳಕಿನ ಏರಿಳಿತ ಶೇ. 0.1ರಷ್ಟು ಮಾತ್ರ. ಆದರೆ ಓಝೋನ್ ಹುಟ್ಟಿಸುವ ಅತಿನೇರಳೆ ಕಿರಣಗಳಲ್ಲಿ ಅದು ಹಲವು ಪಟ್ಟು ಹೆಚ್ಚು. ಉತ್ತರ ಅಟ್ಲಾಂಟಿಕ್‌ನ ಗಾಳಿಯಲ್ಲಿ ಈ ಚಕ್ರದ ಗುರುತು ಮೂರು–ನಾಲ್ಕು ವರ್ಷ ತಡವಾಗಿ ಕಾಣುವುದಕ್ಕೆ ಕಡಲಿನ ಸಂಗ್ರಹಗುಣವೇ ಕಾರಣವಿರಬೇಕು ಎಂದು ಕೆಲವು ಸಂಶೋಧಕರು ವಾದಿಸುತ್ತಾರೆ. ದಾಖಲೆಯ ಅವಧಿ ಚಿಕ್ಕದಾದ್ದರಿಂದ ಈ ವಾದ ಇನ್ನೂ ಇತ್ಯರ್ಥವಾಗಿಲ್ಲ.

ಕಡಲಿನಿಂದ ಮೇಲಕ್ಕೆ

ಪ್ರಭಾವ ಒಮ್ಮುಖವಲ್ಲ. ಪೆಸಿಫಿಕ್‌ನಲ್ಲಿ ಸಮಭಾಜಕದ ನೀರು ಬೆಚ್ಚಗಾಗುವ ಎಲ್ ನಿನೊ ತಲೆದೋರಿದಾಗ ಅಲಾಸ್ಕದ ಬಳಿಯ ಕಡಿಮೆ ಒತ್ತಡ ಆಳವಾಗಿ, ಮೇಲೇರುವ ಅಲೆಗಳು ಬಲಗೊಂಡು, ಧ್ರುವ ಸುಳಿ ಸಡಿಲವಾಗುವ ಸಂಭವ ಹೆಚ್ಚುತ್ತದೆ. ಹೀಗೆ ಪೆಸಿಫಿಕ್‌ನ ಬಿಸಿ ಸಮೋಷ್ಣ ಮಂಡಲದ ದಾರಿ ಹಿಡಿದು ಯೂರೋಪಿನ ಚಳಿಗಾಲಕ್ಕೆ ತಲುಪುತ್ತದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ ಕೆಳಗಿನ ಗಾಳಿ ಬಿಸಿಯಾದರೂ ಸಮೋಷ್ಣ ಮಂಡಲ ತಣ್ಣಗಾಗುತ್ತದೆ. ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ 1967ರಲ್ಲೇ ಇದನ್ನು ಲೆಕ್ಕ ಹಾಕಿದ್ದರು. ಉಪಗ್ರಹಗಳ ಅಳತೆ ಅದನ್ನು ದೃಢಪಡಿಸಿದೆ.

ಭಾರತದ ನಂಟು

ಮುಂಗಾರು ಕಾಲದಲ್ಲಿ ಟಿಬೆಟ್ ಮತ್ತು ಉತ್ತರ ಭಾರತದ ಮೇಲೆ ಸುಮಾರು 15 ಕಿ.ಮೀ. ಎತ್ತರದಲ್ಲಿ ಬೃಹತ್ ಪ್ರತಿಚಂಡಮಾರುತ ಸುಳಿ ನಿಲ್ಲುತ್ತದೆ. ಅದರ ದಕ್ಷಿಣಕ್ಕೆ, ನಮ್ಮ ಪರ್ಯಾಯದ್ವೀಪದ ಮೇಲೆ, ಪೂರ್ವದ ಜೆಟ್ ಗಾಳಿ ಬೀಸುತ್ತದೆ. ಅದನ್ನು 1950ರ ದಶಕದಲ್ಲಿ ಗುರುತಿಸಿ ವಿವರಿಸಿದವರು ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಈ ಸುಳಿ ಏಷ್ಯದ ಹೊಗೆ, ಅನಿಲಗಳನ್ನು ಸಮೋಷ್ಣ ಮಂಡಲದ ಹೊಸ್ತಿಲಿಗೆ ಎತ್ತುತ್ತದೆ. ಅಲ್ಲಿ ಕಣಗಳ ಪದರವೊಂದು ಇರುವುದನ್ನು 2011ರಲ್ಲಿ ಉಪಗ್ರಹ ದತ್ತಾಂಶದಿಂದ ಕಂಡುಹಿಡಿಯಲಾಯಿತು. ಅದನ್ನು ಅಳೆಯಲು ಭಾರತ ಮತ್ತು ಅಮೆರಿಕದ ವಿಜ್ಞಾನಿಗಳು ಹೈದರಾಬಾದ್ ಮೊದಲಾದ ಕಡೆಗಳಿಂದ ಬಲೂನು ಹಾರಿಸಿದ್ದಾರೆ. ಮೇಲಿನ ಗಾಳಿಯನ್ನು ಅರಿಯುವ ಹಂಬಲ ನಮ್ಮ ಬಾಹ್ಯಾಕಾಶ ಕಾರ್ಯಕ್ರಮಕ್ಕೆ ಹುಟ್ಟಿನಿಂದಲೇ ಬಂದದ್ದು. 1963ರ ನವೆಂಬರ್ 21ರಂದು ತುಂಬಾದಿಂದ ಹಾರಿದ ಮೊದಲ ರಾಕೆಟ್ ಸೋಡಿಯಂ ಆವಿ ಬಿಟ್ಟು ಮೇಲಿನ ಗಾಳಿಯ ಚಲನೆ ತೋರಿಸಿತು.

ಅಟ್ಲಾಂಟಿಕ್‌ನ ಏರುಪೇರು ನಮ್ಮ ಹೊಲಗಳಿಗೂ ತಲುಪುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಾಯುಮಂಡಲ ಮತ್ತು ಸಾಗರ ವಿಜ್ಞಾನ ಕೇಂದ್ರದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಶತಮಾನದ 23 ಮುಂಗಾರು ಬರಗಳಲ್ಲಿ 10 ಎಲ್ ನಿನೊ ಇಲ್ಲದ ವರ್ಷಗಳಲ್ಲೇ ಬಂದಿದ್ದವು. ಅಂಥ ವರ್ಷಗಳಲ್ಲಿ ಮಳೆ ಆಗಸ್ಟ್ ಕೊನೆಯ ಭಾಗದಲ್ಲಿ ಹಠಾತ್ತನೆ ಕೈಕೊಡುತ್ತದೆ. ಉತ್ತರ ಅಟ್ಲಾಂಟಿಕ್‌ನ ತಣ್ಣೀರಿನ ಮೇಲೆ ಹುಟ್ಟಿದ ಗಾಳಿಯ ಅಲೆಯೊಂದು ಟಿಬೆಟ್ ಪ್ರಸ್ಥಭೂಮಿಯ ಬಳಿ ಬಾಗಿ ಭಾರತವನ್ನು ಮುಟ್ಟುವುದು ಇದಕ್ಕೆ ಕಾರಣವೆಂದು ಅವರು ಗುರುತಿಸಿದರು. ಆ ಅಲೆ ಸಾಗುವುದು ಪರಿವರ್ತನ ಮಂಡಲದಲ್ಲಿ. ಆದರೆ ಉತ್ತರ ಅಟ್ಲಾಂಟಿಕ್‌ನ ನೀರನ್ನು ವರ್ಷಗಟ್ಟಲೆ ತಂಪಾಗಿಯೋ ಬೆಚ್ಚಗೋ ಇಡುವ ಶಕ್ತಿಗಳಲ್ಲಿ ಧ್ರುವ ಸುಳಿಯೂ ಒಂದು ಎಂಬುದನ್ನು ನೆನೆದರೆ, ಧಾರವಾಡದ ರೈತನ ಹಿಂಗಾರಿ ಬಿತ್ತನೆಯ ಹದಕ್ಕೂ ಈ ವಿಷಯಕ್ಕೂ ಇರುವ ದೂರ ಬಹಳವಲ್ಲ.

ಮಾದರಿ ಮತ್ತು ಮುನ್ಸೂಚನೆ

ಬಹುಕಾಲ ವಾಯುಗುಣದ ಗಣಕ ಮಾದರಿಗಳ ಮೇಲ್ಛಾವಣಿ ಸಮೋಷ್ಣ ಮಂಡಲದ ನಡುವಿನಲ್ಲೇ ಮುಗಿಯುತ್ತಿತ್ತು. ತೆಳು ಗಾಳಿಗಾಗಿ ಗಣಕದ ಸಮಯ ಖರ್ಚು ಮಾಡುವುದು ದಂಡ ಎಂಬ ಭಾವನೆಯಿತ್ತು. ಅಂಥ ಮಾದರಿಗಳಲ್ಲಿ ಹಠಾತ್ ಬಿಸಿಯೇರಿಕೆಗಳು ನಿಜಕ್ಕಿಂತ ಕಡಿಮೆಯಾಗುತ್ತಿದ್ದವು. ಈಗ ಪ್ರಮುಖ ಕೇಂದ್ರಗಳು ಮಾದರಿಯನ್ನು ಇಡೀ ಪದರದಾಚೆಗೆ ಎತ್ತರಿಸಿವೆ. ಇದರಿಂದ ಯೂರೋಪಿನ ಚಳಿಗಾಲದ ಸ್ವಭಾವವನ್ನು ಒಂದೆರಡು ತಿಂಗಳು ಮುಂಚೆ ಅಂದಾಜಿಸುವ ಸಾಮರ್ಥ್ಯ ಬೆಳೆದಿದೆ. ಧ್ರುವ ಸುಳಿಯ ಸಂಕೇತ ನೆಲಕ್ಕೆ ಇಳಿಯುವ ಪೂರ್ತಿ ದಾರಿ, ಬಿಸಿಯಾಗುತ್ತಿರುವ ಜಗತ್ತಿನಲ್ಲಿ ಸುಳಿ ಗಟ್ಟಿಯಾಗುವುದೋ ಸಡಿಲಾಗುವುದೋ ಎಂಬ ಪ್ರಶ್ನೆ, ಕಡಲಿನ ಚಿಕ್ಕ ಸುಳಿಗಳ ಪಾತ್ರ, ಇವು ಮೂರೂ ಇನ್ನೂ ತೆರೆದ ಅಧ್ಯಯನ ವಿಷಯಗಳು. ಮಾದರಿಗಳ ಉತ್ತರಗಳೂ ಇಲ್ಲಿ ಪರಸ್ಪರ ಹೊಂದುವುದಿಲ್ಲ.

ಉತ್ತರ ಸಿಗಬೇಕಾದರೆ ಬಲೂನು, ಉಪಗ್ರಹ, ಲಂಗರು ಹಾಕಿದ ಉಪಕರಣ, ಹತ್ತು ದಿನಕ್ಕೊಮ್ಮೆ 2,000 ಮೀಟರ್ ಆಳದಿಂದ ಮೇಲೆ ಬಂದು ಅಂಕಿ ಕಳಿಸುವ ಸಾವಿರಾರು ಆರ್ಗೊ ತೇಲುಯಂತ್ರಗಳು, ಇವೆಲ್ಲ ದಶಕಗಳ ಕಾಲ ಬಿಡುವಿಲ್ಲದೆ ನಡೆಯಬೇಕು. ಇಂಥ ವೀಕ್ಷಣೆಗೆ ಹಣ ಸಿಗುವುದು ವರ್ಷದ ಲೆಕ್ಕದಲ್ಲಿ, ಕಡಲು ಉತ್ತರ ಕೊಡುವುದು ತಲೆಮಾರಿನ ಲೆಕ್ಕದಲ್ಲಿ. ಹ್ಯಾಲಿ ಬೇಯಲ್ಲಿ ಓಝೋನ್ ಅಳೆಯುವ ಕೆಲಸ 1950ರ ದಶಕದಿಂದ ಒಂದು ವರ್ಷವೂ ತಪ್ಪದೆ ನಡೆದಿದ್ದರಿಂದಲೇ 1985ರಲ್ಲಿ ರಂಧ್ರ ಕಣ್ಣಿಗೆ ಬಿತ್ತು. ಎರಡೇ ವರ್ಷದಲ್ಲಿ ಜಗತ್ತು ಒಪ್ಪಂದಕ್ಕೆ ಬಂತು, ಇಂದು ಅದರ ಫಲವನ್ನು ದಕ್ಷಿಣದ ಗಾಳಿಯಲ್ಲಿ ಅಳೆಯಬಹುದಾಗಿದೆ. ಬೇಸರವಿಲ್ಲದೆ ಅಳೆಯುತ್ತ ಹೋಗುವುದೇ ಈ ವಿಜ್ಞಾನದ ಮೊದಲ ಕರ್ತವ್ಯ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.